ಬಣ್ಣದಿಂದ ಒಳಕ್ಕೆ

ಟೇಕಲ್ ರಸ್ತೆಯ ಮೂರನೇ ಮಹಡಿ.
ಮೇಜಿನ ತುಂಬ ಅಶ್ವತ್ಥರೆಡ್ಡಿ ಹರಡಿದ ಕಾಗದ.
"ಇಟ್ಟಿಗೆ, ಕಂಬ, ತಾರಸಿ, ಲಿಫ್ಟು ಸಂಘದ ಪಾಲಿಸಿಗೆ.
ಬಣ್ಣದಿಂದ ಒಳಕ್ಕೆ ನಿಮ್ದಮ್ಮ."

ಬಣ್ಣ ಎಷ್ಟು ದಪ್ಪ? ಉಗುರಲ್ಲಿ ಕೆರೆದೆ.
ನಾನು ಬಳಿಸಿದ ಕೆನೆ, ಅದರಡಿ ಬಿಲ್ಡರನ ತಿಳಿನೀಲಿ,
ಅದರಡಿ ಬಿಳಿಪುಡಿ. ಅಲ್ಲಿಂದಾಚೆ ನನ್ನದಲ್ಲ.
ಹದಿನೈದು ವರ್ಷ ಕಂತು ಕಟ್ಟಿ ಕೊಂಡದ್ದು
ಬಣ್ಣದ ಚೀಲ ಒಂದು, ಒಳಗೆ ಗಾಳಿ.

ಸರಿ, ಸಾಮಾನು ಬರೆದುಕೊಳ್ಳಿ.
ಮಂಚ ಎರಡು. ಫ್ರಿಜ್ಜು, ಬಾಗಿಲಿನ ರಬ್ಬರು ಹೋಗಿದೆ.
ಬೀರು, ಅದರ ಬೀಗ ನನ್ನ ಕೈಗೆ ಮಾತ್ರ ಬಗ್ಗುತ್ತದೆ.
ಹೊಲಿಗೆ ಮಿಷನ್ನು, ನಮ್ಮತ್ತೆ ಓಲೆ ಮಾರಿ ಕೊಡಿಸಿದ್ದು.
"ಹಳೇದಕ್ಕೆ ಸವಕಳಿ ಕಳೀತಾರೆ.
ಹೊಸ ಬೆಲೆ ಬೇಕಂದ್ರೆ ನಾನೂರು ಜಾಸ್ತಿ."
ಪೆಡಲು ಸವೆದಷ್ಟೇ ಮಂಡಿಯೂ ಸವೆದಿದೆ,
ಆ ಕಾಲಮ್ಮು ಎಲ್ಲಿದೆ ಅಂತ ಕೇಳಲಿಲ್ಲ.

ನೀರು?
"ಮೇಲಿನ ಮನೆ ಪೈಪು ಒಡೆದ್ರೆ ಬರುತ್ತೆ,
ನಲ್ಲಿ ನೀವೇ ತೆರೆದಿಟ್ಟು ಮರೆತ್ರೆ ಬರಲ್ಲ."
ಎಂಟು ದಿನಕ್ಕೊಮ್ಮೆ ನೀರು ಬಿಡುವ ಈ ಊರಲ್ಲಿ
ನಲ್ಲಿ ತೆರೆದಿಟ್ಟು ಮಲಗುವುದಕ್ಕೆ ಮರೆವು ಅನ್ನಲ್ಲ ಕಣಪ್ಪ,
ಆಸೆ ಅಂತೀವಿ.
ರೆಡ್ಡಿ ನಕ್ಕ. ಬರೆದುಕೊಳ್ಳಲಿಲ್ಲ.

"ಬೇರೆಯವರ ಸಾಮಾನೇನಾದ್ರೂ ಇದೆಯಾ ಮನೇಲಿ?"

ಬೀರುವಿನ ಎರಡನೇ ಖಾನೆ. ಹಳೇ ದಿಂಬಿನ ಕವರಿನೊಳಗೆ
ಶಾಹೀನ್‌ತಾಜಳ ನಿಕಾದ ಜರಿ, ಇನ್ನೂ ಕತ್ತರಿ ಕಾಣದ್ದು.
ರಾಬರ್ಟ್‌ಸನ್‌ಪೇಟೆಯ ಸ್ಟೆಲ್ಲಾ ಕೊಟ್ಟ ಬಿಳಿ ಸ್ಯಾಟಿನ್ನು.
ಪಿಳ್ಳಮ್ಮನ ಮಗಳ ಧಾರೆಗೆ ಆರು ರವಿಕೆ ಕಣ,
ಗುಂಡುಪಿನ್ನಿಗೆ ಸಿಕ್ಕಿಸಿದ ಚೀಟಿ: ತೋಳು ಒಂಬತ್ತು,
ಬೆನ್ನು ಆಳ, ಅವರಪ್ಪನಿಗೆ ಹೇಳಬೇಡಿ.
ನನ್ನದೆಂಬುದನ್ನೆಲ್ಲ ಗುಡ್ಡೆ ಹಾಕಿದರೂ
ಆ ಒಂದು ಖಾನೆಯ ಬೆಲೆಗೆ ಸಾಲದು.

"ಅದು ವ್ಯಾಪಾರ, ಮನೆ ಪಾಲಿಸೀಲಿ ಬರಲ್ಲ.
ಅಂಗಡೀದು ಬೇರೆ ಮಾಡಿಸ್ಬೇಕು."
ಅಂಗಡಿ ಎಲ್ಲಿ? ಇದೇ ಮೇಜು.
ಉಂಡು ಒರೆಸಿ ಕತ್ತರಿ ಇಟ್ಟರೆ ಅಂಗಡಿ,
ಕತ್ತರಿ ತೆಗೆದರೆ ಮನೆ.
ಬೆಂಕಿ ಬಿದ್ದಾಗ ಗಂಟೆ ಎಷ್ಟು ಅಂತ ಕೇಳುತ್ತಾರೇನೋ.

ನನ್ನದು ಸುಟ್ಟರೆ ಅತ್ತು ಸುಮ್ಮನಾಗಬಹುದು.
ಅವರದು ಸುಟ್ಟರೆ ಮಾತಾಡಬೇಕು,
ಒಬ್ಬೊಬ್ಬರ ಬಾಗಿಲಿಗೂ ಹೋಗಿ.
ಮಿಷನ್ನಿಗೆ ಸವಕಳಿ ಕಳೆಯಲಿ. ಆ ನಾನೂರನ್ನು
ಎರಡನೇ ಖಾನೆಗೆ ಹಾಕಿ ಅಂದೆ.
ಇನ್ನೂ ಏಳುನೂರು ಬೇಕಂತೆ. ಹಾಕಿ.

ಸಹಿಗೆ ಕಾಗದ ತಿರುಗಿಸಿದಾಗ ಕಂಡಿತು
ಅವನ ತೋಳಿನ ಗುಂಡಿ, ಒಂದೆಳೆಯಲ್ಲಿ ನೇತಾಡುತ್ತಿತ್ತು.
ಅಂಗಿ ಮೈಮೇಲಿರುವಾಗ ಹೊಲಿಯಬಾರದಂತೆ.
ಕೈ ನೀಡಪ್ಪ ಅಂದೆ,
ದಾರ ಹಲ್ಲಲ್ಲಿ ಕಚ್ಚಿ.