ಒಂದು ಬೆರಳಿನ ಸಂದು

ಆಟೋ ಕಾಂಪ್ಲೆಕ್ಸಿನಲ್ಲಿ, ಮಂಗಳವಾರ ಮಧ್ಯಾಹ್ನ,
ಕಾಂಟೆಸ್ಸಾದ ಹಿಂದಿನ ಚಕ್ರ ಬಿಚ್ಚಿಟ್ಟು
ಇನಾಯತ್ ಒಳಗೆ ತೋಳು ತೂರಿಸಿದ,
ಈಯಲಾರದ ಎಮ್ಮೆಯನ್ನು ದನದ ಡಾಕ್ಟರು ನೋಡುವ ಹಾಗೆ
ಕಣ್ಣು ಎಲ್ಲೋ ಇಟ್ಟು, ಬೆರಳಲ್ಲೇ ಓದುತ್ತ.

"ಕಮಾನ್ ಪಟ್ಟಿಯಿಂದ ಮಡ್‌ಗಾರ್ಡಿನ ತುಟಿಗೆ
ಇನ್ನೂರ ತೊಂಬತ್ತು ಮಿಲಿ.
ನೀವು ಕೇಳೋದು ಇನ್ನೂರ ಎಪ್ಪತ್ತೈದರ ಟೈರು.
ಕೂರುತ್ತೆ ಮೇಡಂ. ಕೂರುತ್ತೆ ಅಷ್ಟೆ,
ಉಸಿರಾಡಲ್ಲ."

ನನ್ನ ಕಣ್ಣಲ್ಲಿದ್ದದ್ದು ಬೇರೆಯೇ ಕಾರು.
ಹಿಂದೆ ರೋಡ್ ರೋಲರಿನಂಥ ರಬ್ಬರು,
ಮುಂದೆ ಸ್ಕೂಟರಿಂದ ಕಡ ತಂದಂತೆ ತೆಳ್ಳನೆ ಎರಡು,
ಹೊರಟ ಗಳಿಗೆಗೆ ಭಾರವೆಲ್ಲ ಹಿಂದಕ್ಕೆ ಜಾರಿ
ಮೂತಿ ಮೇಲೆದ್ದು
ನಾನೂರು ಮೀಟರು ಒಂದೇ ಉಸಿರು.
ನಮ್ಮ ಕಡೆ ನಾನೂರು ಮೀಟರು ಸೀದಾ ಹೋಗುವುದು
ತುಂಗೆಯ ಕಾಲುವೆ ಮಾತ್ರ.

ನಾನು ತೀರ್ಥಹಳ್ಳಿಯ ಸೊಸೈಟಿಯಲ್ಲಿ ಕ್ಯಾಷಿಯರು.
ದಿನಾ ಗಾಜನೂರು, ಸಕ್ರೆಬೈಲು, ಮಂಡಗದ್ದೆ,
ಒಂದು ತಿರುವು ಬಿಚ್ಚುವಷ್ಟರಲ್ಲಿ ಇನ್ನೊಂದರ ಗಂಟು,
ಗಂಟಿನಾಚೆ ಲೈಟು ಹಾಕದ ಲಾರಿ.

ಇನಾಯತ್ ಸೀಮೆಸುಣ್ಣದಲ್ಲಿ ನೆಲದ ಮೇಲೆ ಲೆಕ್ಕ ಬರೆದ.
ಇನ್ನೂರ ಎಪ್ಪತ್ತೈದರಲ್ಲಿ ನೂರಕ್ಕೆ ಅರವತ್ತು, ನೂರ ಅರವತ್ತೈದು,
ಮೇಲೊಂದು ಕೆಳಗೊಂದು, ನಡುವೆ ಹದಿನೈದಿಂಚಿನ ರಿಮ್ಮು:
ಒಟ್ಟು ಎತ್ತರ ಏಳುನೂರ ಹನ್ನೊಂದು.
"ಮುಳ್ಳು ಐವತ್ತು ಅಂದಾಗ ನೀವು ಐವತ್ತೈದರಲ್ಲಿರ್ತೀರಿ.
ಚಕ್ರ ದೊಡ್ಡದಾದಷ್ಟೂ ಎಳೆತ ಸೋರುತ್ತೆ.
ಓಡೋ ಥರ ಕಾಣೋಕೆ
ಓಟಾನೇ ಮಾರ್ತೀರಾ?"

ನಾನು ಮಾತಾಡಲಿಲ್ಲ.
ಹುಡುಗ ಚೌಡ ಪಕ್ಕದ ಟ್ರಾಕ್ಟರಿನ ಟ್ಯೂಬನ್ನು ನೀರಲ್ಲಿ ಅದ್ದಿ
ಗುಳ್ಳೆ ಕಾಯುತ್ತಿದ್ದ.

"ನಮ್ಮ ಭಾವ ಸಕ್ರೆಬೈಲಲ್ಲಿ ಮಾವುತ," ಅಂದ ಇನಾಯತ್,
"ಕೆಸರಲ್ಲಿ ಆನೆ ಹೆಜ್ಜೆ ನೋಡಿದೀರಾ?
ಮುಂದಿನದು ದುಂಡಗೆ, ಅಗಲ. ಹಿಂದಿನದು ಕಿರಿದು, ಉದ್ದ.
ತಲೆ, ದಂತ, ಸೊಂಡಿಲು, ಭಾರವೆಲ್ಲ ಮುಂದೆ ತಾನೆ.
ನಿಮ್ಮ ಇಂಜಿನ್ನೂ ಮುಂದೇನೇ.
ಹೊರಡೋದು ಹಿಂದಿನ ಕಾಲು, ನಿಲ್ಲೋದು ಮುಂದಿನ ಕಾಲು."

"ಆನೆ ಡ್ರ್ಯಾಗ್ ರೇಸಿಗೆ ಹೋಗಲ್ಲ, ಇನಾಯತ್."

"ನೀವೂ ಹೋಗಲ್ಲ."

ಟ್ಯೂಬಿನಿಂದ ಒಂದು ಗುಳ್ಳೆ ಬಂತು.

ಕೊನೆಗೆ ಹಿಂದೆ ಇನ್ನೂರ ಐವತ್ತೈದು,
ಒಳಗೊಂದು ಬೆರಳು, ಹೊರಗೊಂದು ಬೆರಳು ಸಂದು.
ಮುಂದೆ ಇನ್ನೂರ ಐದು; ನಾನು ಬೇಡಿದ್ದಕ್ಕಿಂತ ಅಗಲ,
ಅವನು ಹೇಳಿದ್ದಕ್ಕಿಂತ ಕಡಿಮೆ.
ಜಾಕು ಇಳಿಸಿದಾಗ ಮುಂಭಾಗ ಎರಡು ಸೆಂಟಿಮೀಟರು ತಗ್ಗಿತ್ತು.
ಶಿಕಾರಿಪುರದ ಕಡೆಯ ಹೋರಿಗಳು
ಹಗ್ಗ ಬಿಡುವ ಮುನ್ನ ಕೊಂಬು ತಗ್ಗಿಸುವಷ್ಟೇ.
ಚೌಡ ಸಿಳ್ಳೆ ಹಾಕಿದ. ಇನಾಯತ್ ಬಿಲ್ಲು ಬರೆದ.

ಗುರುವಾರ ಬೆಳಿಗ್ಗೆ ಸಕ್ರೆಬೈಲಿನ ತಿರುವಿನಲ್ಲಿ
ಸ್ನಾನ ಮುಗಿಸಿದ ಒಂದು ಹೆಣ್ಣಾನೆ ರಸ್ತೆ ದಾಟುತ್ತಿತ್ತು,
ಬೆನ್ನಿಂದ ಇನ್ನೂ ನೀರು ತೊಟ್ಟಿಕ್ಕುತ್ತ, ಅವಸರವಿಲ್ಲದೆ.
ಬ್ರೇಕು ಒತ್ತಿದೆ.
ಮುಂದಿನೆರಡು ಟೈರು ನೆಲ ಕಚ್ಚಿದವು. ಕಾರು ನಿಂತಿತು.
ಅದು ನನ್ನ ಕಡೆ ನೋಡಲಿಲ್ಲ.
ನಾನು ಅದರ ಪಾದ ನೋಡಿದೆ.

ಇಷ್ಟನ್ನೇ ಇನಾಯತ್‌ಗೆ ಹೇಳಿದ್ದೇನೆ.

ಸಂಜೆಯದು ಹೇಳಿಲ್ಲ. ಗಾಜನೂರಿನ ಹತ್ತಿರ, ಹಿಂದೆ ಮುಂದೆ ಯಾರೂ ಇಲ್ಲದಾಗ,
ಕಾರು ನಿಲ್ಲಿಸಿ, ಒಂದನೇ ಗೇರಿಗೆ ಹಾಕಿ,
ಇಂಜಿನ್ನನ್ನು ಕೂಗುವಷ್ಟು ಕೂಗಿಸಿ
ಕ್ಲಚ್ಚಿನಿಂದ ಕಾಲು ತೆಗೆದೆ.

ಮೊಳದುದ್ದ ಕಪ್ಪು ಗೆರೆ. ಎರಡಲ್ಲ, ಒಂದು.
ಬಲಗಡೆಯದು ಮಾತ್ರ ತಿರುಗಿತಂತೆ, ಎಡಗಡೆಯದು ಸುಮ್ಮನಿತ್ತಂತೆ;
ಎರಡೂ ತಿರುಗಲು ಇನ್ನೇನೋ ಬದಲಿಸಬೇಕಂತೆ, ಅದಕ್ಕೆ ಬೇರೆ ದುಡ್ಡು.

ಮರುದಿನ ಅಲ್ಲಿ ನಿಧಾನಿಸಿದೆ.
ಗೆರೆ ಇತ್ತು. ಹಿಂದಿನ ಬಸ್ಸಿನವನು ಹಾರನ್ನು ಹೊಡೆದ.