ಅರ್ತ್ ಸಿಗದ ಗಾಡಿ

ಬಾಣಾವರ ದಾಟಿ ಎರಡನೇ ಸೇತುವೆಯ ಬಳಿ
ಮುಂದಿನ ದೀಪ ಆರಿಹೋಯಿತು.
ಆರಿತು ಎಂದರೆ ಪೂರ್ತಿ ನಿಜವಲ್ಲ:
ಹ್ಯಾಂಡಲ್ ಎಡಕ್ಕೆ ಹೊರಳಿಸಿದರೆ ಹೊತ್ತುತ್ತದೆ,
ನೆಟ್ಟಗೆ ಹಿಡಿದರೆ ಇಲ್ಲ.
ಎಡಕ್ಕೇ ನೋಡುತ್ತ ಎಷ್ಟು ದೂರ ಹೋದೇನು,
ಜಾವಗಲ್ ರಸ್ತೆ ಬಲಕ್ಕೆ ತಿರುಗುವಾಗ?

ಪೆಟ್ಟಿಗೆಯಲ್ಲಿ ನನ್ನ ಸಾಮಾನು,
ಭುಜದವರೆಗಿನ ಗವಸು, ನೂಲಿನ ಹಗ್ಗ, ಅಯೋಡಿನ್ ಬಾಟ್ಲಿ.
ಎಮ್ಮೆ ಸಂಜೆಯಿಂದ ನೋವು ತಿನ್ನುತ್ತಿದೆ ಎಂದು
ಗಂಗಮಾಳವ್ವ ಫೋನಿನಲ್ಲಿ ಅತ್ತಿದ್ದಳು.
ಬಾಯಲ್ಲಿ ಟಾರ್ಚು ಕಚ್ಚಿಕೊಂಡು
ಉಳಿದ ಹನ್ನೊಂದು ಕಿಲೋಮೀಟರು ಹೋದೆ.
ಕರು ಬದುಕಿತು.
ಟಾರ್ಚಿನ ಬಾಲದ ಮೇಲೆ ನನ್ನ ಹಲ್ಲಿನ ಗುರುತು ಇನ್ನೂ ಇದೆ.

ಭಾನುವಾರ ನಾನೇ ಕೈಹಾಕಿದೆ.
ಎಮ್ಮೆಯ ಒಡಲೊಳಗೆ ಕಣ್ಣಿನ ಹಂಗಿಲ್ಲದೆ
ಕಾಲು ಯಾವುದು ಕುತ್ತಿಗೆ ಯಾವುದು ಹೇಳುವವನಿಗೆ
ಐದು ವೈರು ಯಾವ ಲೆಕ್ಕ?
ಬಲ್ಬು ತೆಗೆದು ಬಿಸಿಲಿಗೆ ಹಿಡಿದೆ, ತಂತಿ ಗಟ್ಟಿ.
ಫ್ಯೂಸು ಹೊಸದು.
ಹೋಲ್ಡರಿನ ಹಸಿರು ಕಿಲುಬನ್ನು
ಸವೆದ ಹಲ್ಲುಬ್ರಷ್ಷಿನಲ್ಲಿ ಉಜ್ಜಿದೆ.
ಸ್ವಿಚ್ಚು ಬಿಚ್ಚಿದಾಗ ಅಕ್ಕಿಕಾಳಿನಷ್ಟು ಸ್ಪ್ರಿಂಗೊಂದು
ಚಿಮ್ಮಿ ದಾಸವಾಳದ ಬುಡಕ್ಕೆ ಬಿತ್ತು,
ಅದನ್ನು ಹುಡುಕುವುದರಲ್ಲೇ ಹೊತ್ತು ಮುಳುಗಿತು.

ಕೊನೆಗೆ ಅರಸೀಕೆರೆ.
ಕೊಬ್ಬರಿ ಮಂಡಿ ಹಿಂದಿನ ಸಂದಿ, ಖಲಂದರ್.
ಅವನು ಗಾಡಿ ಮುಟ್ಟಲಿಲ್ಲ.
ಚಹಾ ಲೋಟ ಕೆಳಗಿಡದೆ ಹೇಳಿದ: ಬ್ರೇಕ್ ತುಳೀರಿ.
ತುಳಿದೆ.
ಹಿಂದೆ ಉರಿಯಬೇಕಾದ ಕೆಂಪು ಸುಮ್ಮನಿತ್ತು,
ಮುಂದೆ, ಪುಟ್ಟ ಪಾರ್ಕಿಂಗ್ ಬಲ್ಬು
ನಿದ್ದೆಗಣ್ಣಿನಲ್ಲಿ ಎದ್ದು ಕೂತಂತೆ ಮಿಣುಕಿತು.
'ಅರ್ತ್ ಸಿಗ್ತಿಲ್ಲ ಸಾರ್.'
ಅರ್ಥ ಸಿಗುತ್ತಿಲ್ಲ ಎಂದು ಕೇಳಿಸಿಕೊಂಡು
ನನಗೂ ಎಂದೆ.
ಅವನು ನಗಲಿಲ್ಲ. 'ಕರೆಂಟ್ ಹೋಗೋಕೆ ದಾರಿ ಐತೆ,
ವಾಪಸ್ ಬರೋಕೆ ಇಲ್ಲ. ಸಿಕ್ಕ ಸಿಕ್ಕ ಮನೆ ಹೊಕ್ತಾ ಐತೆ.'

ಎರಡು ವೈರಿಗೆ ಬೆಸೆದ ಒಂದು ಬಲ್ಬು,
ವೈರಿನ ತುದಿಗೆ ಗೋಣಿ ಹೊಲಿಯುವ ದಬ್ಬಳ,
ಅದಿಷ್ಟೇ ಅವನ ಆಸ್ಪತ್ರೆ.
ಚುಚ್ಚಿದ ಕಡೆಯೆಲ್ಲ ಗುರಿ ತಪ್ಪದು.
ಹಸುವಿನ ಕುತ್ತಿಗೆಯಲ್ಲಿ ನರ ಹುಡುಕುವ ನನಗೆ
ಸ್ವಲ್ಪ ಹೊಟ್ಟೆಕಿಚ್ಚಾಯಿತು.

'ಪೇಂಟ್ ಯಾವಾಗ ಮಾಡಿಸಿದ್ರಿ?'
ಹೋದ ಶ್ರಾವಣ. ನಲವತ್ತು ವರ್ಷದ ಗಾಡಿ,
ಆಫೀಸಿನ ಹುಡುಗರು ಗುಜರಿ ಎನ್ನುತ್ತಿದ್ದರು,
ಎರಡು ಕೋಟು ಕಪ್ಪು ಬಳಿಸಿದ್ದೆ.
ಪೇಂಟರ್ ನಂಜಪ್ಪಾಚಾರಿ ಧಾರಾಳಿ,
ನಟ್ಟು ಬೋಲ್ಟು ಯಾವುದಕ್ಕೂ ಭೇದವೆಣಿಸಿರಲಿಲ್ಲ.
ಟ್ಯಾಂಕು ಎತ್ತಿದರೆ, ಅದರಡಿಯಲ್ಲಿ
ಮೂರು ಕರಿ ವೈರಿನ ಬಾಲಗಳು ಒಂದೇ ಬೋಲ್ಟಿಗೆ ಸೇರಿ
ಹೊಳೆಯುವ ಬಣ್ಣದ ಮೇಲೆ ಹಾಯಾಗಿ ಕೂತಿದ್ದವು.
ಖಲಂದರ್ ಬ್ಲೇಡು ಹಿಡಿದು ಕೆರೆದ,
ಒಂದು ರೂಪಾಯಿ ನಾಣ್ಯದಗಲ.
ನನ್ನ ಹೊಟ್ಟೆ ಚುರುಕ್ ಎಂದಿತು.
'ಚೆಂದಕ್ಕೆ ಕರೆಂಟ್ ಅಂಟಲ್ಲ ಸಾರ್, ಕಬ್ಬಿಣ ಬೇಕು.'

ಬಿಗಿದ ಮೇಲೆ, ತುಕ್ಕು ಹಿಡಿಯದಿರಲು
ಒಂಚೂರು ವ್ಯಾಸಲೀನ್ ಇದ್ದಿದ್ರೆ, ಎಂದು ತಡಕಾಡಿದ.
ನನ್ನ ಪೆಟ್ಟಿಗೆಯಲ್ಲಿತ್ತು.
ಕರುವಿನ ದಾರಿಗೆ ಸವರುವ ಜಿಡ್ಡನ್ನೇ
ಬೋಲ್ಟಿನ ನೆತ್ತಿಗೆ ಸವರಿದೆವು.

ಮಧ್ಯಾಹ್ನದ ಬಿಸಿಲಲ್ಲಿ ದೀಪ ಹತ್ತಿದ್ದು ಕಾಣುವುದಿಲ್ಲ.
ಅಂಗೈ ಒಡ್ಡಿದೆ, ಹಳದಿ ಬಿತ್ತು.
ಹ್ಯಾಂಡಲ್ ಎಡ, ಬಲ, ನೆಟ್ಟಗೆ: ಅದೇ ಹಳದಿ.
ಎಂಜಿನ್ನು ನಿಧಾನಿಸಿದರೆ ಮಾತ್ರ ಮಂಕು.
'ಅದು ರಿಪೇರಿಯಲ್ಲ, ಆರು ವೋಲ್ಟಿನ ಹುಟ್ಟುಗುಣ,
ಕತ್ಲು ಅಂತ ಹೆದರಿ ನಿಧಾನ ಮಾಡಿದ್ರೆ
ಇನ್ನೂ ಕತ್ಲೇ ಆಗೋದು.'
ನಲವತ್ತು ರೂಪಾಯಿ ಕೇಳಿದ.
ಚಿಲ್ಲರೆ ಇರಲಿಲ್ಲ, ಐವತ್ತು ಕೊಟ್ಟೆ,
ಹತ್ತಕ್ಕೆ ಇನ್ನೊಂದು ಚಹಾ ಆಯಿತು.

ನಂಜಪ್ಪಾಚಾರಿಗೆ ಹೇಳಿಲ್ಲ.
ಮೊನ್ನೆ ರಾತ್ರಿ ಅದೇ ಸೇತುವೆಯ ಬಳಿ
ಕೈ ತಾನಾಗಿ ಹ್ಯಾಂಡಲನ್ನು ಎಡಕ್ಕೆಳೆಯಿತು. ಬೇಕಿರಲಿಲ್ಲ.
ಈಗಲೂ ಹೊರಡುವ ಮುಂಚೆ
ಟ್ಯಾಂಕಿನಡಿಗೆ ಬೆರಳು ತೂರಿಸುತ್ತೇನೆ,
ಬೋಳು ಮಾಡಿದ ಆ ಜಾಗ
ತಣ್ಣಗೆ, ಜಿಡ್ಡಾಗಿ
ಅಲ್ಲೇ ಇದೆಯೇ ಎಂದು.