ಲಗತ್ತು: ಒಂದು

ಎಲ್ಡೊರೆಟ್ಟಿನಲ್ಲಿ, ಯೂನಿವರ್ಸಿಟಿ ಗೇಟಿನೆದುರು,
ಟೈರಂಗಡಿಗೂ ಕೋಳಿಯಂಗಡಿಗೂ ನಡುವೆ
ನನ್ನ ಸೈಬರ್. ಮೂರು ಕಂಪ್ಯೂಟರು, ಒಂದು ಪ್ರಿಂಟರು,
'ಇ' ಅಕ್ಷರ ಸವೆದುಹೋದ ಕೀಬೋರ್ಡು.
ನಿಮಿಷಕ್ಕೆ ಒಂದು ಶಿಲ್ಲಿಂಗು.
ಬರೆದುಕೊಡುವುದಕ್ಕೆ ಬೇರೆ ರೇಟು; ಬೋರ್ಡಿನಲ್ಲಿಲ್ಲ,
ಮುಖ ನೋಡಿ ಹೇಳುತ್ತೇನೆ.

ಅಲ್ಲಿಯ ಮೆಟ್ಟಿಲು ನಾನು ಹತ್ತಿದ್ದು ಒಮ್ಮೆ ಮಾತ್ರ,
ಟೋನರ್ ಡಬ್ಬ ತಲುಪಿಸಲು.
ಆದರೂ ಪ್ರೊಫೆಸರುಗಳೆಲ್ಲ ನನಗೆ ಗೊತ್ತು
ಅವರವರ ಉತ್ತರದ ಉದ್ದದಿಂದ.
ಡಾಕ್ಟರ್ ಕಿಪ್ಲಿಮೊ ಒಂದೇ ಮಾತು: "ಗಮನಿಸಿದೆ."
ಸಂಖ್ಯಾಶಾಸ್ತ್ರದ ಮೇಡಂ ರಾತ್ರಿ ಎರಡಕ್ಕೆ ಬರೆಯುತ್ತಾರೆ,
ಪಾಪ, ಅವರಿಗೂ ನಿದ್ದೆಯಿಲ್ಲ.
ಫೀಸು ವಿಭಾಗ ಉತ್ತರಿಸುವುದೇ ಇಲ್ಲ.
ಬಾವಿಗೆ ಬಿದ್ದ ಕೊಡವಾದರೂ ಸದ್ದು ಮಾಡೀತು.

ಹುಡುಗರು ಬರುತ್ತಾರೆ. ಮೊದಲು ವಿಳಾಸ ಬದಲಿಸು ಅನ್ನುತ್ತೇನೆ,
ಹಾಟ್‌ಬಾಯ್ ಎರಡು ಐದು ನಾಲ್ಕು ಎಂಬವನಿಗೆ
ಯಾವ ಡೀನ್ ಹಾಸ್ಟೆಲ್ಲು ಕೊಟ್ಟಾನು?
ವಿಷಯದ ಸಾಲು ಖಾಲಿ ಬಿಡಬೇಡ,
ಯಾರೆಂದು ಹೇಳದೆ ಕದ ಬಡಿದಂತೆ ಅದು.
ನಂಬರು ಮೊದಲು, ಹೆಸರು ಆಮೇಲೆ,
ಅವರ ಕಡತದಲ್ಲಿ ನೀನು ಹುಟ್ಟಿದ್ದು ಆ ಕ್ರಮದಲ್ಲೇ.
'ಅರ್ಜೆಂಟ್' ಎಂದು ಮೂರು ಸಲ ಹೊಡೆದದ್ದು
ಮೂರು ವಾರ ಮಲಗಿರುತ್ತದೆ, ನೋಡಿದ್ದೇನೆ.
'ನೀವೇ ನನ್ನ ಪಾಲಿನ ದೇವರು', ಅಳಿಸು.
'ಹಾಯ್ ಪ್ರೊಫ್', ಅದನ್ನೂ ಅಳಿಸು.
ಬೆನ್ನು ಬಾಗಿಸಬೇಡ, ಎದೆ ಉಬ್ಬಿಸಲೂ ಬೇಡ,
ಬಸ್ಸಿಗೆ ಕಾಯುವವನ ಹಾಗೆ ನಿಂತಿರು
ನಿನ್ನ ವಾಕ್ಯದೊಳಗೆ.

ಸಿಮಿಯು ಬಂದದ್ದು ಮಂಗಳವಾರ, ಕರೆಂಟು ಹೋಗಿ ಬಂದ ಮೇಲೆ.
ಪರೀಕ್ಷೆ ತಪ್ಪಿತ್ತು. ಕೈಯಲ್ಲಿ ನಾಲ್ಕು ಪುಟ.
ಅಕ್ಕ ನೆಕೇಸಾ ನಸುಕಿಗೇ ಎದ್ದು ಮಂದಾಜಿ ಕರಿಯುತ್ತಿದ್ದದ್ದು,
ಎಣ್ಣೆ ಹತ್ತಿದ ಆ ನೋಟುಗಳೇ ಅವನ ಮೂರು ಸೆಮಿಸ್ಟರು,
ಬುಂಗೋಮಾ ಆಸ್ಪತ್ರೆಯ ಬೆಂಚು,
ಗೂಟವಿಲ್ಲದೆ ಡ್ರಿಪ್ಪಿನ ಬಾಟಲಿ ತಾನೇ ಎತ್ತಿ ಹಿಡಿದದ್ದು,
ಬಲಗೈ ಸೋತಾಗ ಎಡಗೈ, ಎಡಗೈ ಸೋತಾಗ
ಓದಿದೆ. ಎದ್ದು ಹೋಗಿ ಫ್ಯಾನು ಹಾಕಿದೆ.
ಬಂದು ಕೂತು ಕತ್ತರಿಸತೊಡಗಿದೆ.

ಮಂದಾಜಿ ಹೋಯಿತು. ಬೆಂಚು ಹೋಯಿತು.
ಬಾಟಲಿ ಹಿಡಿದ ಕೈ ಹೋಯಿತು.
ಉಳಿದದ್ದು ಇಷ್ಟು:
"ಮಾನ್ಯರೇ, ಕುಟುಂಬದಲ್ಲಿ ಸಂಭವಿಸಿದ ಮರಣದ ನಿಮಿತ್ತ
ಇದೇ ಹದಿನಾಲ್ಕರ ಪರೀಕ್ಷೆಗೆ ಹಾಜರಾಗಲು ಆಗಲಿಲ್ಲ.
ವಿಶೇಷ ಪರೀಕ್ಷೆಗೆ ಅನುಮತಿ ಕೋರುತ್ತೇನೆ.
ಲಗತ್ತು: ಒಂದು."

ಎರಡು ಸಲ ಓದಿದ. ತುಟಿ ಅಲುಗಿತು.
"ಇದರಲ್ಲಿ ನೆಕೇಸಾ ಎಲ್ಲಿ?"
ಪರದೆಯ ಮೂಲೆಯ ಪುಟ್ಟ ಕ್ಲಿಪ್ಪಿನ ಮೇಲೆ ಬೆರಳಿಟ್ಟೆ.
ಹೂಳುವ ಪರವಾನಗಿ ಹೋಗುವ ಜಾಗ ಅದು.
"ಕಚೇರಿಯ ಬಾಗಿಲು ಸಣ್ಣದು ಕಣೋ, ಮೊದಲು ನೀನು ನುಗ್ಗು,
ಅವಳನ್ನು ಆಮೇಲೆ ಎಳೆದುಕೊ" ಎಂದೆ.
ಅದು ನಿಜವೋ ಸುಳ್ಳೋ ನನಗೂ ಗೊತ್ತಿರಲಿಲ್ಲ.

ಸ್ಕ್ಯಾನರಿನ ಗಾಜಿನ ಮೇಲೆ ಅವನೇ ಕಾಗದ ಇಟ್ಟ.
ಪರವಾನಗಿ ಒಂದೇ ಇರಲಿಲ್ಲ, ಪಕ್ಕದಲ್ಲಿ
ಮಡಿಕೆ ಬಿದ್ದ ಕೈಬರಹದ ಪುಟವೊಂದು.
ಕಂಡೆ.
ಗುಂಡಿ ಒತ್ತಿದೆ.

ಹನ್ನೊಂದು ದಿನ.
"ಫಾರ್ಮ್ ಹದಿನೇಳು ತುಂಬಿ ಶುಕ್ರವಾರದೊಳಗೆ ಸಲ್ಲಿಸಿ.
ಟಿ. ಜೆಪ್ಟೂ, ಕುಲಸಚಿವರ ಪರವಾಗಿ."
ಅದರ ಕೆಳಗೆ ಫೋನ್ ನಂಬರು, ಅದರ ಕೆಳಗೆ
ಅಗತ್ಯವಿದ್ದರಷ್ಟೇ ಮುದ್ರಿಸಿ ಎಂಬ ಹಸಿರು ಎಲೆ,
ಎಲ್ಲಕ್ಕೂ ಕೆಳಗೆ, ಪೂರ್ಣವಿರಾಮವಿಲ್ಲದೆ,
"ಪಕ್ಕದ ಪುಟವನ್ನೂ ಓದಿದೆ"

ಪ್ರಿಂಟು ಬೇಕೆಂದ. ಹತ್ತು ಶಿಲ್ಲಿಂಗು.
ತೆಗೆದುಕೊಂಡೆ.
ಅಕ್ಷರವೆಲ್ಲ ಕಪ್ಪೇ ಇತ್ತು, ಆದರೂ
ಕಲರಿನಲ್ಲೇ ತೆಗೆದುಕೊಟ್ಟೆ.